ಹತ್ತು ಜನರ ಹಣದಲ್ಲಿ ಏಳು ಜನ: ಮಲೆನಾಡಿನ ಸರ್ಕಾರಿ ಶಾಲೆಗೆ ಪದವೀಧರರನ್ನು ಆರಿಸುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದೇವೆ. ವರ್ಷಕ್ಕೆ 25 ಲಕ್ಷದಂತೆ ಮೂರು ವರ್ಷಕ್ಕೆ ಹಣ ಹೊಂದಿಸಿಕೊಂಡಿದ್ದೇವೆ. ಸಕಲೇಶಪುರ ಮತ್ತು ಮೂಡಿಗೆರೆ ತಾಲ್ಲೂಕಿನಲ್ಲಿ ಎಸ್ಟೇಟ್ ಕೂಲಿಕಾರರ ಮಕ್ಕಳು ಹೆಚ್ಚಿರುವ ಸರ್ಕಾರಿ ಶಾಲೆಗಳಿಗೆ, ರ್‍ಯಾಂಕ್ ಪಡೆದ 10 ಪದವೀಧರರನ್ನು ಎರಡು ವರ್ಷ ಪಾಠ ಮಾಡಲು ಕಳಿಸಬೇಕೆಂದಿದ್ದೇವೆ. ಎಲ್ಲಿ ಹುಡುಕಬೇಕು, ಹೇಗೆ ಆರಿಸಬೇಕು, ಎಷ್ಟು ಕೊಡಬೇಕು, ಎರಡು ವರ್ಷ ನಿಲ್ಲಿಸಿಕೊಳ್ಳುವುದು ಹೇಗೆ? ಇಲಾಖೆ ಒಪ್ಪುತ್ತದೆಯೇ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಉಳಿದ ಪ್ರಶ್ನೆಗಳಲ್ಲಿ ಅರ್ಧ ಅಲ್ಲಿಯೇ ಬಗೆಹರಿಯುತ್ತವೆ.

ತಿಂಗಳಿಗೆ 18,000 ಎಂದುಕೊಳ್ಳಿ. ಇದಕ್ಕಿಂತ ಕಡಿಮೆ ಕೊಟ್ಟರೆ ಪೇಟೆಯಲ್ಲಿ ರೂಮು ಮಾಡಿಕೊಂಡು, ಮನೆಗೂ ನಾಲ್ಕು ಕಾಸು ಕಳಿಸುವ ಹುಡುಗ ಹುಡುಗಿಯರು ಬರುವುದಿಲ್ಲ. ಅಪ್ಪನ ದುಡ್ಡಿನಲ್ಲಿ ಬದುಕಬಲ್ಲವರು ಮಾತ್ರ ಬರುತ್ತಾರೆ. 10 ಜನಕ್ಕೆ ವರ್ಷಕ್ಕೆ 21,60,000 ಆಯಿತು. ಉಳಿಯುವುದು 3,40,000. ಅದರಲ್ಲಿ ಆಯ್ಕೆ, ತರಬೇತಿ, ಬಸ್ಸು, ಪಾಠದ ಸಾಮಗ್ರಿ, ವಿಮೆ ಎಲ್ಲ ಕಳೆದರೆ, ಅವರ ತರಗತಿಯಲ್ಲಿ ಕೂತು ತಿದ್ದಿ ಹೇಳುವ ಮಾರ್ಗದರ್ಶಿಗೆ ಒಂದು ಪೈಸೆಯೂ ಇಲ್ಲ. ಹೀಗೆ ಶುರುವಾದ ಯೋಜನೆ ಕೆಡುವುದು ಆಯ್ಕೆಯ ದಿನವಲ್ಲ, ಜುಲೈ ತಿಂಗಳ ಮೂರನೇ ವಾರ. ಹೊರಗೆ ಜಡಿಮಳೆ, ಒಳಗೆ ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ, ಹಿಂದಿನ ಬೆಂಚಿನ ಆರು ಮಕ್ಕಳಿಗೆ ಅಕ್ಷರವೇ ಬರುವುದಿಲ್ಲ. ಏನು ಮಾಡಲಿ ಎಂದು ಕೇಳಲು ನೀವು ಕಳಿಸಿದ ಹುಡುಗಿಗೆ ಯಾರೂ ಇಲ್ಲ. ಅವಳು ರ್‍ಯಾಂಕ್ ಪಡೆದವಳೋ ಪಾಸಾದವಳೋ ಎಂಬುದಕ್ಕೆ ಆ ವಾರದಲ್ಲಿ ಅರ್ಥವಿರುವುದಿಲ್ಲ.

ಆದ್ದರಿಂದ 10 ಬೇಡ, 7 ಜನ ಸಾಕು. ಮೂವರನ್ನು ಬಿಟ್ಟು ಆ ಹಣದಲ್ಲಿ ಒಬ್ಬ ಪೂರ್ಣಾವಧಿ ಮಾರ್ಗದರ್ಶಿಯನ್ನು ತನ್ನಿ. 7 ಜನರ ಗೌರವಧನ 15,12,000. ಮಾರ್ಗದರ್ಶಿಗೆ ತಿಂಗಳಿಗೆ 35,000ದಂತೆ 4,20,000, ಓಡಾಟಕ್ಕೆ 72,000. ತರಬೇತಿಯ 25 ದಿನ ಊಟ ವಸತಿಗೆ ತಲೆಗೆ ದಿನಕ್ಕೆ 500ರಂತೆ 87,500. ಬಸ್ಸಿಗೆ ತಲಾ 1,500ರಂತೆ ಹತ್ತು ತಿಂಗಳಿಗೆ 1,05,000. ಸಾಮಗ್ರಿಗೆ ತಲಾ 10,000ದಂತೆ 70,000. ವಿಮೆಗೆ 21,000. ಆಯ್ಕೆಗೆ 50,000. ಒಟ್ಟು 23,37,500. ಕೈಯಲ್ಲಿ ಉಳಿಯುವ 1,62,500ರಲ್ಲಿ ಎರಡನೇ ವರ್ಷಕ್ಕೆ ಕಾಲಿಟ್ಟವರಿಗೆ ತಿಂಗಳಿಗೆ 2,000 ಏರಿಸಿ, ಮಿಕ್ಕಿದ್ದನ್ನು ಆಪತ್ತಿಗೆ ಇಟ್ಟುಕೊಳ್ಳಿ. ಬಸ್ಸಿನ ಬಾಬ್ತಿನಲ್ಲಿ ಹೆಣ್ಣುಮಕ್ಕಳಿಗೆ ಸ್ವಲ್ಪ ಉಳಿಯಬಹುದು. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಆದರೆ ಮೂಡಿಗೆರೆ ಕಡೆಯ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತಪ್ಪುವುದಿಲ್ಲ.

ಏಳೂ ಜನರನ್ನು ಒಂದೇ ವರ್ಷ ತೆಗೆದುಕೊಳ್ಳಬೇಡಿ. ಮೊದಲ ವರ್ಷ 4, ಎರಡನೇ ವರ್ಷ 3. ಮೊದಲ ವರ್ಷದ ಖರ್ಚು ಇದೇ ದರದಲ್ಲಿ 15,68,000 ಆಗುತ್ತದೆ, 9 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಮೂರು ವರ್ಷದ ಯೋಜನೆಯಲ್ಲಿ ಎರಡನೇ ವರ್ಷ ಸೇರಿದವರ ಅವಧಿ ಮೂರನೇ ವರ್ಷಕ್ಕೆ ಮುಗಿಯುತ್ತದೆ, ಮೊದಲ ನಾಲ್ವರ ಜಾಗಕ್ಕೆ ಮೂರನೇ ವರ್ಷ ಸೇರಿದವರದು ನಾಲ್ಕನೇ ವರ್ಷಕ್ಕೆ ಹೋಗುತ್ತದೆ. ಅವರನ್ನು ನಡುನೀರಿನಲ್ಲಿ ಬಿಡದಿರಲು ಈ ಉಳಿತಾಯ ಬೇಕು. ಇನ್ನೊಂದು ಲಾಭವೆಂದರೆ, ಹೊಸಬರಿಗೆ ಕಲಿಸಲು ಒಂದು ವರ್ಷ ಹಳಬರಾದವರು ಪಕ್ಕದಲ್ಲೇ ಇರುತ್ತಾರೆ.

ಈಗ ರ್‍ಯಾಂಕ್ ವಿಚಾರ. ಪ್ರತಿಭಾವಂತ ಪದವೀಧರರನ್ನು ಎರಡು ವರ್ಷ ಬಡ ಮಕ್ಕಳ ಶಾಲೆಗೆ ಕಳಿಸುವ ಕಲ್ಪನೆ ಹೆಸರು ಮಾಡಿದ್ದು ಅಮೆರಿಕದಲ್ಲಿ. ವೆಂಡಿ ಕಾಪ್ 1989ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪದವಿಗೆ ಬರೆದ ಪ್ರಬಂಧವೇ ಮರುವರ್ಷ ‘ಟೀಚ್ ಫಾರ್ ಅಮೆರಿಕ’ ಆಯಿತು. ನಮ್ಮಲ್ಲಿ ಶಾಹೀನ್ ಮಿಸ್ತ್ರಿ ಅವರ ‘ಟೀಚ್ ಫಾರ್ ಇಂಡಿಯಾ’ದ ಮೊದಲ ತಂಡ 2009ರಲ್ಲಿ ಮುಂಬೈ ಮತ್ತು ಪುಣೆಯ ಶಾಲೆಗಳಿಗೆ ಹೋಯಿತು, ಆಮೇಲೆ ಬೆಂಗಳೂರಿಗೂ ಬಂತು. ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಇದೇ ಇರಬೇಕು. ಆದರೆ ಅದು ಮಹಾನಗರದ ಮಾದರಿ: ಒಂದು ತರಗತಿಗೆ ನಲವತ್ತು ಮಕ್ಕಳು, ಒಂದೇ ವಯಸ್ಸು, ಸಂಜೆ ಆರಕ್ಕೂ ಬಸ್ಸು. ಎಸ್ಟೇಟ್ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿ ಸೇರಿ ಹದಿನೈದು ಮಕ್ಕಳಿದ್ದರೆ ಅದೇ ದೊಡ್ಡದು.

ಫಲಿತಾಂಶದ ವಿಷಯದಲ್ಲಿ ಎರಡು ಅಧ್ಯಯನಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಟೀಚ್ ಫಾರ್ ಅಮೆರಿಕದವರ ಬಗ್ಗೆ ಮ್ಯಾಥಮ್ಯಾಟಿಕಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ತರಗತಿಯ ಮಕ್ಕಳು ಗಣಿತದಲ್ಲಿ 0.15 ಮಾನಕ ವಿಚಲನೆಯಷ್ಟು ಮುಂದಿದ್ದರು. ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು ಸುಮಾರು ಆರು ಜನರನ್ನು ದಾಟಿ ಮುಂದೆ ಹೋದಂತೆ. ಓದಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಮುಂಬೈ ಮತ್ತು ವಡೋದರದಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮ. ಅಲ್ಲಿ ಪಾಠ ಮಾಡಿದವರು ಅದೇ ಬಡಾವಣೆಯ ಯುವತಿಯರು, ಓದು ಹೈಸ್ಕೂಲಿನಷ್ಟು, ತರಬೇತಿ ಎರಡು ವಾರ. ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿಕೊಂಡು ತಳಪಾಯ ಮಾತ್ರ ಕಲಿಸಿದರು. ಎರಡನೇ ವರ್ಷದ ಕೊನೆಗೆ ಏರಿಕೆ 0.28, ಅಂದರೆ ಅದೇ ನಡುವಿನ ಮಗು ಹನ್ನೊಂದು ಜನರನ್ನು ದಾಟಿತು. ಕಾರ್ಯಕ್ರಮದಿಂದ ಹೊರಬಂದು ಒಂದು ವರ್ಷವಾದ ಮೇಲೆ ಆ ಲಾಭದಲ್ಲಿ ಬಹುಪಾಲು ಕರಗಿತ್ತು ಎಂಬುದನ್ನೂ ಮರೆಯಬಾರದು.

ದೇಶ ಬೇರೆ, ಪರೀಕ್ಷೆ ಬೇರೆ, ಅಂಕಿಗಳನ್ನು ನೇರವಾಗಿ ತೂಗುವುದು ಸರಿಯಲ್ಲ. ಆದರೆ ಒಂದಂತೂ ಸ್ಪಷ್ಟ: ಕಲಿಸುವವರ ಕಾಲೇಜಿನ ಹೆಸರಿಗಿಂತ ಅವರ ಕೈಗೆ ಯಾವ ಮಕ್ಕಳನ್ನು, ಯಾವ ಕೆಲಸಕ್ಕೆ, ದಿನಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಎಂಬುದು ಹೆಚ್ಚು ತೂಗುತ್ತದೆ. ನಿಮ್ಮ ಜಾಹೀರಾತಿನಲ್ಲಿ ಶೇಕಡಾವಾರು ಅಂಕದ ಷರತ್ತು ಬೇಡವೇ ಬೇಡ.

ಇಲಾಖೆ ಒಪ್ಪುತ್ತದೆಯೇ ಎಂದರೆ, ಶಿಕ್ಷಕರೆಂದು ಕಳಿಸಿದರೆ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಶಿಕ್ಷಕರಿಗೆ ನಿಗದಿತ ಅರ್ಹತೆ ಇರಲೇಬೇಕು. 1ರಿಂದ 5ನೇ ತರಗತಿಗೆ ಡಿ.ಎಲ್.ಇಡಿ (ಹಿಂದೆ ಡಿ.ಎಡ್ ಎನ್ನುತ್ತಿದ್ದ ಡಿಪ್ಲೊಮಾ) ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). ಬಿ.ಎಡ್ ಇದ್ದರೆ ಸಾಲದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿಬಿಟ್ಟಿದೆ. 6ರಿಂದ 8ಕ್ಕೆ ಪದವಿಯ ಜತೆಗೆ ಡಿ.ಎಲ್.ಇಡಿ ಅಥವಾ ಬಿ.ಎಡ್, ಮೇಲೆ ಟಿಇಟಿ. ಬರೀ ಬಿ.ಎಸ್ಸಿ, ಬಿ.ಎ, ಬಿ.ಇ ಮಾಡಿದವರು ಈ ಯಾವ ಸಾಲಿನಲ್ಲೂ ಬರುವುದಿಲ್ಲ. ಅವರು ಶಾಲೆಗೆ ಹೋಗಬಹುದಾದದ್ದು ‘ಕಲಿಕಾ ಸಹಾಯಕ’ರಾಗಿ, ಇರುವ ಶಿಕ್ಷಕರ ಜತೆಗೆ. ಪತ್ರದಲ್ಲಿ, ಬ್ಯಾನರಿನಲ್ಲಿ, ಮಾತಿನಲ್ಲಿ ಎಲ್ಲ ಕಡೆ ಅದೇ ಪದ ಬಳಸಿ. ಈ ಎರಡು ವರ್ಷ ಮುಂದೆ ಶಿಕ್ಷಕರ ನೇಮಕಾತಿಯಲ್ಲಿ ಅರ್ಹತೆಯಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಅರ್ಜಿ ನಮೂನೆಯಲ್ಲೇ ಅಚ್ಚು ಹಾಕಿಸಿ. ಆಮೇಲೆ ಗೊತ್ತಾದರೆ ಮೋಸ ಮಾಡಿದಿರಿ ಅನ್ನುತ್ತಾರೆ, ಅನ್ನುವುದರಲ್ಲಿ ತಪ್ಪೂ ಇಲ್ಲ.

ಅನುಮತಿಯ ದಾರಿ ಹೀಗೆ: ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಾದ ಡಿಡಿಪಿಐ ಅವರಿಗೆ ಯೋಜನೆಯ ಪತ್ರ, ಅವರಿಂದ ತಾಲ್ಲೂಕಿನ ಶಿಕ್ಷಣಾಧಿಕಾರಿಯಾದ ಬಿಇಒಗೆ ಬರಹದಲ್ಲಿ ಸೂಚನೆ, ಬಳಿಕ ಪ್ರತಿ ಶಾಲೆಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಠರಾವು. ಸಕಲೇಶಪುರ ಹಾಸನ ಜಿಲ್ಲೆ, ಮೂಡಿಗೆರೆ ಚಿಕ್ಕಮಗಳೂರು ಜಿಲ್ಲೆ. ಎರಡನ್ನೂ ಹಿಡಿದರೆ ಇಬ್ಬರು ಡಿಡಿಪಿಐ, ಇಬ್ಬರು ಬಿಇಒ, ಎರಡು ಕಡತ. ನಕ್ಷೆಯಲ್ಲಿ ಅಕ್ಕಪಕ್ಕ ಇದ್ದರೂ ಮಳೆಗಾಲದಲ್ಲಿ ಮಾರ್ಗದರ್ಶಿಯ ಅರ್ಧ ಆಯಸ್ಸು ಬಸ್ಸಿನಲ್ಲೇ ಕಳೆಯುತ್ತದೆ. ಮೊದಲ ಎರಡು ವರ್ಷ ಒಂದೇ ತಾಲ್ಲೂಕು, ಅದರಲ್ಲೂ ಅಕ್ಕಪಕ್ಕದ ಎರಡು ಕ್ಲಸ್ಟರ್ (ಇಲಾಖೆ ಮಾಡಿದ ಶಾಲೆಗಳ ಗುಂಪು) ಸಾಕು. ಶಾಲೆಗೆ ಒಬ್ಬರನ್ನೇ ಹಾಕುವುದಕ್ಕಿಂತ ನೂರರ ಆಸುಪಾಸು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಇಬ್ಬರನ್ನು ಹಾಕುವುದು ಒಳ್ಳೆಯದು. ಹನ್ನೆರಡು ಮಕ್ಕಳ ಶಾಲೆಗಳನ್ನು ಸೇರಿಸಲೇಬೇಕೆಂದರೆ ಒಬ್ಬರಿಗೆ ಎರಡು ಶಾಲೆ, ವಾರದಲ್ಲಿ ಮೂರು ಮೂರು ದಿನ.

ಒಪ್ಪಂದದ ಪತ್ರದಲ್ಲಿ ತಪ್ಪದೆ ಇರಬೇಕಾದ ಮಾತುಗಳು ನಾಲ್ಕು. ಸಹಾಯಕರಿಗೆ ದಿನಕ್ಕೆ ಎರಡು ಅವಧಿ ಭಾಷೆ ಮತ್ತು ಗಣಿತಕ್ಕೆ ಕಾಯಂ, ಅದನ್ನು ಯಾರೂ ಮುಟ್ಟುವಂತಿಲ್ಲ. ಶಿಕ್ಷಕರು ರಜೆ ಹಾಕಿದಾಗ ಇಡೀ ಶಾಲೆಯನ್ನು ಇವರ ತಲೆಗೆ ಕಟ್ಟುವಂತಿಲ್ಲ. ಕಂಪ್ಯೂಟರಿನಲ್ಲಿ ಮಕ್ಕಳ ಮಾಹಿತಿಯ ಸ್ಯಾಟ್ಸ್ ದಾಖಲೆ ತುಂಬುವುದು, ಬಿಸಿಯೂಟದ ಲೆಕ್ಕ ಬರೆಯುವುದು ಇವರ ಕೆಲಸವಲ್ಲ. ಮಕ್ಕಳ ಮೇಲೆ ಯಾರಾದರೂ ಕೈಯೆತ್ತಿದರೆ ಅಥವಾ ದೌರ್ಜನ್ಯದ ಸುಳಿವು ಸಿಕ್ಕರೆ ಯಾರಿಗೆ ತಿಳಿಸಬೇಕು ಎಂಬುದು ಬರಹದಲ್ಲಿರಬೇಕು. ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ, ಅದು ನಿಮ್ಮ ಟ್ರಸ್ಟಿಗೂ ಅನ್ವಯಿಸುತ್ತದೆ. ಆಯ್ಕೆಯಾದ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಮೊದಲ ದಿನಕ್ಕೆ ಮುಂಚೆ ಮುಗಿದಿರಲಿ.

ಸ್ಯಾಟ್ಸ್ ಮಾತು ಸುಮ್ಮನೆ ಬರೆದದ್ದಲ್ಲ. “ಕಂಪ್ಯೂಟರ್ ಗೊತ್ತಲ್ಲಮ್ಮ, ಇದೊಂದು ಎಂಟ್ರಿ ಮಾಡಿಕೊಡು” ಎಂದು ಶುರುವಾಗುವುದು ಎರಡು ತಿಂಗಳಲ್ಲಿ ದಿನದ ಕೆಲಸವಾಗುತ್ತದೆ. ಮುಖ್ಯ ಶಿಕ್ಷಕರು ಕೆಟ್ಟವರೆಂದಲ್ಲ, ಅವರಿಗೆ ಗುಮಾಸ್ತರಿಲ್ಲ, ಅಷ್ಟೆ. ಆದರೆ ಹಾಗೆ ಕುರ್ಚಿಗೆ ಅಂಟಿದ ಸಹಾಯಕರು ಮತ್ತೆ ತರಗತಿಗೆ ಬರುವುದು ಕಷ್ಟ.

ಇನ್ನೊಂದು ಮುಳ್ಳು ಅತಿಥಿ ಶಿಕ್ಷಕರದು. 2025ರ ಬಜೆಟ್ಟಿನಲ್ಲಿ 2,000 ಏರಿಸಿದ ಮೇಲೂ ಅವರಿಗೆ ತಿಂಗಳಿಗೆ ಸಿಗುವುದು 12 ಸಾವಿರದ ಆಸುಪಾಸು, ಅದೂ ತಡವಾಗಿ. ಡಿ.ಎಡ್, ಬಿ.ಎಡ್, ಟಿಇಟಿ ಎಲ್ಲ ಮುಗಿಸಿದವರು ಅಲ್ಲಿದ್ದಾರೆ. ಅವರ ಪಕ್ಕದ ಕೋಣೆಗೆ ಯಾವ ತರಬೇತಿಯೂ ಇಲ್ಲದ ಪದವೀಧರರು 18 ಸಾವಿರಕ್ಕೆ ಬಂದು ಕೂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮುಚ್ಚಿಡಬೇಡಿ, ಎರಡು ವಾರದಲ್ಲಿ ಗೊತ್ತಾಗುತ್ತದೆ. ಆ ಶಾಲೆಗಳ ಅತಿಥಿ ಶಿಕ್ಷಕರನ್ನು ನಿಮ್ಮ ತರಬೇತಿಗೆ ಭತ್ಯೆ ಕೊಟ್ಟು ಕರೆಯಿರಿ, ಸಾಮಗ್ರಿ ಅವರಿಗೂ ಕೊಡಿ. ಅವರು ಅರ್ಜಿ ಹಾಕಿದರೆ ತಡೆಯಬೇಡಿ, ಆದರೆ ಆರಿಸಿಕೊಂಡರೆ ವರ್ಷದ ಆರಂಭದಲ್ಲೇ ಆರಿಸಿಕೊಳ್ಳಿ. ನಡುವಿನಲ್ಲಿ ಕಿತ್ತು ತಂದರೆ ಒಂದು ಶಾಲೆಯ ಹೊಟ್ಟೆ ಕೊಯ್ದು ಇನ್ನೊಂದಕ್ಕೆ ಉಣಿಸಿದಂತೆ.

ಹುಡುಕುವುದು ಎಲ್ಲಿ? ದೂರ ಹೋಗಬೇಕಾಗಿಲ್ಲ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜು, ಹೇಮಗಂಗೋತ್ರಿಯ ಸ್ನಾತಕೋತ್ತರ ವಿಭಾಗಗಳು, ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜು, ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳು, ಎರಡೂ ಊರಿನ ಎಂಜಿನಿಯರಿಂಗ್ ಕಾಲೇಜುಗಳು. ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಗದಕ್ಕಿಂತ ಎನ್‌ಎಸ್‌ಎಸ್ ಅಧಿಕಾರಿಯ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಶಿಬಿರದಲ್ಲಿ ಏಳನೇ ದಿನವೂ ಪಾತ್ರೆ ತೊಳೆದವರು ಯಾರು ಎಂದು ಅವರಿಗೆ ಗೊತ್ತಿರುತ್ತದೆ. ಕಾಲೇಜು ಭೇಟಿ ನವೆಂಬರಿನಿಂದ ಜನವರಿಯೊಳಗೆ ಮುಗಿಯಬೇಕು. ಮಾರ್ಚಿಗೆ ಆಯ್ಕೆ, ಏಕೆಂದರೆ ಏಪ್ರಿಲ್ 10ರ ಹೊತ್ತಿಗೆ ಶಾಲೆಗೆ ರಜೆ, ಆಮೇಲೆ ಪಾಠ ಮಾಡಿಸಿ ನೋಡಲು ಮಕ್ಕಳೇ ಸಿಗುವುದಿಲ್ಲ. ಆರನೇ ಸೆಮಿಸ್ಟರಿನ ಪರೀಕ್ಷೆ ಶಾಲೆ ಶುರುವಾದ ಮೇಲೂ ಎಳೆಯುವ ವರ್ಷಗಳಿವೆ. ಹಾಗಾಗಿ ಆಗಷ್ಟೇ ಪರೀಕ್ಷೆ ಬರೆಯುತ್ತಿರುವವರ ಜತೆಗೆ ಹಿಂದಿನ ವರ್ಷ ಮುಗಿಸಿ ಮನೆಯಲ್ಲಿರುವವರನ್ನೂ ಕರೆಯಿರಿ.

ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾಲ್ಕು ಜಾಗಕ್ಕೆ ಅರವತ್ತು ಅರ್ಜಿ ಬಂದರೆ ಸಾಕು. ಅರ್ಜಿಯಲ್ಲಿ ಪ್ರಬಂಧ ಬರೆಸಬೇಡಿ, ಎಲ್ಲರೂ ಒಂದೇ ಥರ ಬರೆಯುತ್ತಾರೆ, ಈಗಂತೂ ಮೊಬೈಲೇ ಬರೆದುಕೊಡುತ್ತದೆ. ಎರಡೇ ಪ್ರಶ್ನೆ ಕೇಳಿ: ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಿಡದೆ ಮಾಡಿದ ಒಂದು ಕೆಲಸ ಯಾವುದು? ಮುಂದಿನ ಎರಡು ವರ್ಷದಲ್ಲಿ ಯಾವ ಯಾವ ಪರೀಕ್ಷೆ ಬರೆಯುತ್ತೀರಿ? ಎರಡನೆಯದಕ್ಕೆ ನಿಜ ಬರೆದವರನ್ನು ಹೊರಗಿಡಬೇಡಿ. ಅದರಲ್ಲಿ ಇಪ್ಪತ್ತನಾಲ್ಕು ಜನರನ್ನು ಪಾಠಕ್ಕೆ ಕರೆಯಿರಿ. ದಿನಕ್ಕೆ ಎಂಟರಂತೆ ಮೂರು ದಿನ.

ಪಾಠ ನಿಜವಾದ ಮಕ್ಕಳಿಗೆ ಆಗಬೇಕು, ಟ್ರಸ್ಟಿನ ಸದಸ್ಯರನ್ನು ಮಕ್ಕಳೆಂದು ಕೂರಿಸಿಕೊಂಡಲ್ಲ. ನಾಲ್ಕನೇ ತರಗತಿಯ ಎಂಟು ಮಕ್ಕಳು, ಹನ್ನೆರಡು ನಿಮಿಷ, ವಿಷಯ ದಶಕ ತೆಗೆದುಕೊಂಡು ಕಳೆಯುವುದು. ಹಲಗೆಯ ಮೇಲೆ 52ರಲ್ಲಿ 27 ಕಳೆಯಿರಿ ಎಂದು ಬರೆಸಿ. ಎಂಟರಲ್ಲಿ ಇಬ್ಬರೋ ಮೂವರೋ 35 ಬರೆಯುತ್ತಾರೆ. ಈಗ ಅಭ್ಯರ್ಥಿಯನ್ನು ನೋಡಿ. ಒಬ್ಬರು “ತಪ್ಪು, ಸರಿಯಾಗಿ ಮಾಡು” ಅನ್ನುತ್ತಾರೆ. ಇನ್ನೊಬ್ಬರು ಹಲಗೆಯತ್ತ ತಿರುಗಿ ತಾವೇ ಚೆಂದವಾಗಿ ಮಾಡಿ ತೋರಿಸಿ “ಅರ್ಥ ಆಯ್ತಾ?” ಎಂದು ಕೇಳುತ್ತಾರೆ. ಎಂಟೂ ಮಕ್ಕಳು “ಆಯ್ತು ಮಿಸ್” ಅನ್ನುತ್ತಾರೆ, ಅದು ಮಕ್ಕಳ ಮರ್ಯಾದೆ, ಉತ್ತರವಲ್ಲ. ಮೂರನೆಯವರು ಆ ಮಗುವಿನ ಸ್ಲೇಟಿನ ಹತ್ತಿರ ಬಗ್ಗಿ “ಇದು ಹೆಂಗ್ ಬಂತು, ನಂಗೂ ಹೇಳ್ಕೊಡು” ಅನ್ನುತ್ತಾರೆ. ಮಗು ಹೇಳುತ್ತದೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಅಂದರೆ ಮಗುವಿಗೆ ಕಳೆಯಲು ಬರುತ್ತದೆ, ದೊಡ್ಡದರಲ್ಲೇ ಚಿಕ್ಕದನ್ನು ಕಳೆಯಬೇಕೆಂಬ ನಿಯಮ ಮಾತ್ರ ತಪ್ಪಾದ ಜಾಗದಲ್ಲಿ ಕೂತಿದೆ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು “ಏಳು ಕಡ್ಡಿ ಕೊಡು ನೋಡೋಣ” ಎಂದರೆ ಅದೇ ಮಗು ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಕೇಳಿದ ಅಭ್ಯರ್ಥಿಗೆ ಮಾತ್ರ ಈ ದಾರಿ ಕಾಣುತ್ತದೆ. ಕಡ್ಡಿ ಕಟ್ಟುಗಳನ್ನು ಮೇಜಿನ ಮೂಲೆಯಲ್ಲಿ ಇಟ್ಟಿರಿ, ಬಳಸಿ ಎಂದು ಹೇಳಬೇಡಿ.

ಮೊದಲ ಪಾಠ ಕೆಟ್ಟರೂ ಪರವಾಗಿಲ್ಲ. ನಿಜವಾದ ಪರೀಕ್ಷೆ ಅದರ ನಂತರದ್ದು. ಹತ್ತು ನಿಮಿಷ ಕೂರಿಸಿ ಒಂದೇ ಒಂದು ತಿದ್ದುಪಡಿ ಹೇಳಿ: “ಮಗು ಹೇಗೆ ಮಾಡಿತೆಂದು ಕೇಳಿ, ಆಮೇಲೆ ನೀವು ಮಾತಾಡಿ.” ಕೂಡಲೇ ಇನ್ನೊಂದು ಲೆಕ್ಕದೊಂದಿಗೆ ಆರು ನಿಮಿಷ ಮತ್ತೆ ಪಾಠ ಮಾಡಿಸಿ. ಹೇಳಿದ್ದನ್ನು ಆರೇ ನಿಮಿಷದಲ್ಲಿ ಮಾಡಿ ತೋರಿಸಿದವರು ಜೂನಿನಿಂದ ಮಾರ್ಚಿಗೆ ಬಹಳ ದೂರ ಹೋಗುತ್ತಾರೆ. “ಸರ್, ಅದು ಏನಂದ್ರೆ…” ಎಂದು ಸಮರ್ಥನೆಗೆ ಇಳಿದವರು ಎಷ್ಟೇ ಸೊಗಸಾಗಿ ಮಾತಾಡಲಿ, ಮಾರ್ಗದರ್ಶಿಯ ಮಾತು ಅವರ ಮೇಲೆ ನಿಲ್ಲುವುದಿಲ್ಲ. ನೂರು ಅಂಕದಲ್ಲಿ ಮೊದಲ ಪಾಠಕ್ಕೆ 30, ಮರುಪಾಠಕ್ಕೆ 40, ಅರ್ಜಿ ಮತ್ತು ಮಾತುಕತೆಗೆ 20, ವಿಷಯಜ್ಞಾನಕ್ಕೆ 10 ಇಡಿ.

ವಿಷಯಜ್ಞಾನ ಹತ್ತೇ ಅಂಕವೆಂದು ಕಡೆಗಣಿಸಬೇಡಿ, ಅದು ಪಾಸೋ ಫೇಲೋ ಎಂಬ ಗೇಟು. ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರಿನ ಪಾತ್ರೆಯಲ್ಲಿ ಅಳೆದರೆ ಎಷ್ಟು ಪಾತ್ರೆ? ತಿರುಗಿಸಿ ಗುಣಿಸು ಎಂಬ ಸೂತ್ರ ಎಲ್ಲರಿಗೂ ಬರುತ್ತದೆ. ಒಂದೂವರೆ ಪಾತ್ರೆ ಎಂದು ಚಿತ್ರ ಬರೆದು ತೋರಿಸುವವರು ಕಡಿಮೆ. ಜತೆಗೆ ಒಂದು ಕಥೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಕೆಲವರು ಇಲ್ಲಿಯೇ ಎಡವುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅಂಕ ನೋಡದೆ ಹೊರಗಿಡಿ. ನಮ್ಮ ಕಡೆಯ ಎಷ್ಟೋ ಮಕ್ಕಳು ‘ಹಾಲು’ ಎಂದು ಬರೆದಿದ್ದನ್ನು ‘ಆಲು’ ಎಂದು ಓದುತ್ತಾರೆ, ‘ಹಾಸನ’ವನ್ನು ‘ಆಸ್ನ’ ಅನ್ನುತ್ತಾರೆ. ಅದು ಮನೆಯ ನುಡಿ, ಓದಿನ ದೋಷವಲ್ಲ. ‘ಪುಸ್ತಕ’ವನ್ನು ‘ಪುಸಕ’ ಎಂದು ಓದಿದರೆ ಒತ್ತಕ್ಷರ ಕಂಡಿಲ್ಲ, ಅದು ದೋಷ. ಈ ವ್ಯತ್ಯಾಸ ತರಬೇತಿಯಲ್ಲಿ ಕಲಿಸಬಹುದು. ಆದರೆ ‘ಆಲು’ ಕೇಳಿ ಮಕ್ಕಳೆದುರು ನಕ್ಕವರಿಗೆ ಕಲಿಸಲು ನಿಮ್ಮಲ್ಲಿ ಸಮಯವಿಲ್ಲ.

ಇಪ್ಪತ್ತನಾಲ್ಕರಲ್ಲಿ ಎಂಟು ಜನ ಉಳಿದ ಮೇಲೆ ಅವರನ್ನು ಎರಡು ದಿನ, ಮುಂದೆ ಹೋಗಬೇಕಾದ ಶಾಲೆಗಳಿಗೇ ಕಳಿಸಿ. ಬಸ್ಸಿನಲ್ಲಿ ಹೋಗಲಿ, ಮಕ್ಕಳ ಜತೆ ಬಿಸಿಯೂಟ ಮಾಡಲಿ, ಸಂಜೆ ಎಸ್ಟೇಟ್ ಕೂಲಿಕಾರರ ಲೈನ್ ಮನೆಗಳವರೆಗೆ ನಡೆಯಲಿ. ಮೂರನೇ ದಿನ ಒಬ್ಬಿಬ್ಬರು ಫೋನ್ ಎತ್ತುವುದಿಲ್ಲ. ಆಗಸ್ಟಿನಲ್ಲಿ ಆಗಬೇಕಿದ್ದದ್ದು ಮಾರ್ಚಿನಲ್ಲೇ ಆಯಿತಲ್ಲ, ಒಳ್ಳೆಯದೇ. ಆರು ಜನರ ಪಟ್ಟಿ ಮಾಡಿ: ನಾಲ್ವರು, ಮೇಲೆ ಇಬ್ಬರು ಕಾಯ್ದಿರಿಸಿದವರು. ಕ್ಯಾಂಪಸ್ ಆಯ್ಕೆಯಾಗಿ ಕಂಪನಿಯ ಕರೆಗೆ ಕಾಯುತ್ತಿರುವ ಎಂಜಿನಿಯರುಗಳನ್ನು ನೇರವಾಗಿ ಕೇಳಿ: ಆಫರ್ ಲೆಟರ್ ಇದೆಯೇ? ಇದ್ದರೆ ಜಾಯಿನಿಂಗ್ ದಿನ ಬಂದ ಮರುದಿನ ಅವರು ಇರುವುದಿಲ್ಲ.

ತರಬೇತಿಗೆ ಬೇಸಿಗೆ ರಜೆಯೇ ಸಮಯ. ಒಂದೂರಿನಲ್ಲಿ ನಲವತ್ತು ಐವತ್ತು ಮಕ್ಕಳ ಬೇಸಿಗೆ ಶಿಬಿರ ಮಾಡಿ. ಬೆಳಿಗ್ಗೆ 9ರಿಂದ 11.30ರವರೆಗೆ ಮಕ್ಕಳಿಗೆ ಪಾಠ, ಮಧ್ಯಾಹ್ನ ಅದೇ ಪಾಠವನ್ನು ಬಿಚ್ಚಿ ನೋಡುವುದು, ಮರುದಿನದ್ದನ್ನು ಬರೆದುಕೊಳ್ಳುವುದು. ಮೊದಲ ಐದು ದಿನ ಒಂದೇ ಕೌಶಲ: ಮಗುವಿನ ಮಟ್ಟ ಕಂಡುಹಿಡಿಯುವುದು. ಓದಿನಲ್ಲಿ ಅಕ್ಷರ, ಪದ, ವಾಕ್ಯವೃಂದ, ಕಥೆ. ಲೆಕ್ಕದಲ್ಲಿ ಒಂಟಿ ಅಂಕಿ, ಎರಡಂಕಿ, ಕಳೆಯುವುದು, ಭಾಗಿಸುವುದು. ಒಂದು ಮಗುವಿಗೆ ಐದು ನಿಮಿಷ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು. ಮೂವತ್ತು ಮಕ್ಕಳಿಗೆ ಎರಡೂವರೆ ಗಂಟೆ. ಬರಹದ ಪರೀಕ್ಷೆ ಬೇಡ, ಓದಲು ಬಾರದ ಮಗು ಪಕ್ಕದವರದು ನೋಡಿ ಬರೆಯುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಮಟ್ಟ ಗೊತ್ತಾದ ಮೇಲೆ ಗುಂಪು ಮಾಡುವುದು ತರಗತಿಯ ಪ್ರಕಾರ ಅಲ್ಲ, ಮಟ್ಟದ ಪ್ರಕಾರ. ಆರನೇ ತರಗತಿಯವನನ್ನು ಮೂರನೇ ತರಗತಿಯವರ ಜತೆ ಕೂರಿಸುವಾಗ ಅವನಿಗೆ ನಾಚಿಕೆಯಾಗದಂತೆ ಗುಂಪಿಗೆ ಹೊಳೆಯದೋ ಹಕ್ಕಿಯದೋ ಹೆಸರಿಡಿ, ‘ನಿಧಾನ ಕಲಿಕೆ’ ಎಂಬ ಮಾತು ಬೇಡ. ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡು ಮತ್ತು ಏಣಿ ಹೇಗೆ ನಡೆಯುತ್ತದೆಂದು ಒಂದೆರಡು ದಿನ ಆ ತರಗತಿಯ ಶಿಕ್ಷಕರಿಂದಲೇ ಹೇಳಿಸಿ. ಅವರ ಪದ್ಧತಿಯನ್ನು ಅರಿಯದೆ ಹೋದವರು ಮೊದಲ ದಿನವೇ ಅವರಿಗೆ ಪಾಠ ಹೇಳಲು ಹೊರಡುತ್ತಾರೆ.

ಮಲೆನಾಡಿನ ವರ್ಷ ಬೆಂಗಳೂರಿನ ವರ್ಷವಲ್ಲ. ಜುಲೈ ಆಗಸ್ಟಿನಲ್ಲಿ ಮಳೆ ರಜೆಗಳು ಸಾಲಾಗಿ ಬೀಳುತ್ತವೆ. ಆ ದಿನಗಳ ಪಾಠ ತುಂಬಿಕೊಳ್ಳಲು ಓಡಬೇಡಿ, ಪುನರಾವರ್ತನೆಗೆ ಜಾಗ ಬಿಟ್ಟು ಯೋಜನೆ ಬರೆಯಿರಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಗ ಹಾಜರಿ ಪುಸ್ತಕವೇ ಬದಲಾಗುತ್ತದೆ: ಇದ್ದ ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಲೈನಿನಲ್ಲಿ ಉಳಿಯುತ್ತಾರೆ, ಉತ್ತರ ಕರ್ನಾಟಕದಿಂದಲೂ ಅಸ್ಸಾಮಿನಿಂದಲೂ ಬಂದ ಕೂಲಿಕಾರರ ಹೊಸ ಮಕ್ಕಳು ಬರುತ್ತಾರೆ. ವರ್ಗಾವಣೆ ಪತ್ರ ಇಲ್ಲವೆಂದು ಅವರನ್ನು ವಾಪಸ್ ಕಳಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಿಮ್ಮ ಸಹಾಯಕರು ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿಯೇ. ಮಟ್ಟದ ಪರೀಕ್ಷೆಯನ್ನು ಜೂನಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಮಾಡಿ. ಎರಡರ ನಡುವೆ ಇದ್ದ ಮಕ್ಕಳನ್ನಷ್ಟೇ ಹೋಲಿಸಿ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ಕಲಿಕೆ ಇಳಿದಂತೆ ಕಾಣುತ್ತದೆ, ಟ್ರಸ್ಟಿನ ಸಭೆಯಲ್ಲಿ ಸುಮ್ಮನೆ ಗಲಾಟೆ.

ಆನೆಯ ಮಾತೂ ಬರೆದಿಡಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ತೋಟಕ್ಕೆ ಇಳಿಯುವುದು ಹೊಸದಲ್ಲ. ಅರಣ್ಯ ಇಲಾಖೆಯ ಎಚ್ಚರಿಕೆ ಬರುವ ಗುಂಪಿಗೆ ಸಹಾಯಕರ ಸಂಖ್ಯೆ ಸೇರಿಸಿ. ಆನೆ ಇದೆಯೆಂದ ದಿನ ಶಾಲೆಗೆ ಹೋಗದಿದ್ದರೆ ಗೌರವಧನ ಕಡಿತವಿಲ್ಲ ಎಂದು ಬರೆದುಕೊಡಿ, ಇಲ್ಲದಿದ್ದರೆ ದುಡ್ಡಿಗಾಗಿ ಹೋಗುತ್ತಾರೆ. ಸಂಜೆ ಐದರ ಮೇಲೆ ತೋಟದ ದಾರಿಯಲ್ಲಿ ಬೈಕ್ ಬೇಡ.

ಎರಡು ವರ್ಷ ನಿಲ್ಲಿಸಿಕೊಳ್ಳಲು ಬಾಂಡ್ ಬರೆಸುವುದು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು ಎರಡೂ ಬೇಡ. ಮನಸ್ಸಿಲ್ಲದೆ ಉಳಿದವರು ಮಕ್ಕಳ ಮುಂದೆ ಕೂತು ಮೊಬೈಲ್ ನೋಡುತ್ತಾರೆ. ಬಿಡುವವರು ಹೆಚ್ಚಾಗಿ ದಸರಾ ರಜೆಗೆ ಊರಿಗೆ ಹೋಗಿ ವಾಪಸ್ ಬರುವುದಿಲ್ಲ. ಕಾರಣಗಳು ಮೂರು: ಪಿಡಿಒ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳು, ಮನೆಯಲ್ಲಿ ಮದುವೆಯ ಮಾತು, ಮತ್ತು ಒಂಟಿತನ. ಮೊದಲನೆಯದಕ್ಕೆ ಶನಿವಾರ ಮಧ್ಯಾಹ್ನ ಪೂರ್ತಿ ಬಿಡುವು, ಪರೀಕ್ಷೆಯ ದಿನ ರಜೆ. ಬಿ.ಎಡ್ ಇದ್ದವರು ಟಿಇಟಿ ಬರೆಯುವುದಾದರೆ ಮಾರ್ಗದರ್ಶಿ ಜತೆಗೆ ಕೂತು ಓದಿಸಲಿ, 150ಕ್ಕೆ 90 ತೆಗೆಯುವುದು ಅಸಾಧ್ಯವೇನಲ್ಲ. ಎರಡನೆಯದಕ್ಕೆ ಆಯ್ಕೆಯಾದ ಕೂಡಲೇ ತಂದೆ ತಾಯಿಯನ್ನು ಕರೆಸಿ ಶಾಲೆ, ಉಳಿಯುವ ಮನೆ ಎರಡನ್ನೂ ತೋರಿಸಿ. ಮೂರನೆಯದಕ್ಕೆ ಇಬ್ಬಿಬ್ಬರನ್ನು ಒಟ್ಟಿಗೆ ಹಾಕುವುದೇ ಮದ್ದು.

ಇಷ್ಟೆಲ್ಲ ನಡೆಯುವುದು ಮಾರ್ಗದರ್ಶಿ ಸರಿಯಿದ್ದರೆ. ಒಂದೇ ಕೋಣೆಯಲ್ಲಿ ಹಲವು ತರಗತಿ ನಡೆಸಿ ಗೊತ್ತಿರುವ ನಿವೃತ್ತ ಶಿಕ್ಷಕರೋ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಆಗಿದ್ದವರೋ ಆಗಬಹುದು. ವಾರಕ್ಕೊಮ್ಮೆ ಪ್ರತಿಯೊಬ್ಬರ ತರಗತಿಯಲ್ಲಿ ನಲವತ್ತು ನಿಮಿಷ ಹಿಂದೆ ಕೂರಬೇಕು, ಆಮೇಲೆ ಇಪ್ಪತ್ತು ನಿಮಿಷ ಮಾತು, ಕೊನೆಗೆ ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆ. ಐದು ಹೇಳಿದರೆ ಒಂದೂ ಆಗುವುದಿಲ್ಲ. ಪಾಠಯೋಜನೆ ಪುಸ್ತಕಕ್ಕೆ ಸಹಿ ಹಾಕಿ ಹೊರಡುವವರು ತನಿಖಾಧಿಕಾರಿ, ಅಂಥವರು ಇಲಾಖೆಯಲ್ಲಿ ಈಗಾಗಲೇ ಇದ್ದಾರೆ. ಮಾರ್ಗದರ್ಶಿ ಬೇಕಾದರೆ ಮಗುವನ್ನು ತಾವೇ ಪಕ್ಕಕ್ಕೆ ಕೂರಿಸಿಕೊಂಡು ಕಡ್ಡಿ ಕಟ್ಟು ಬಿಚ್ಚಿಸುವವರಾಗಿರಬೇಕು. ಅವರನ್ನು ಸಹಾಯಕರ ಜತೆಗೆ ಜೂನಿನಲ್ಲಿ ನೇಮಿಸಬೇಡಿ. ಅಕ್ಟೋಬರಿನಲ್ಲೇ ನೇಮಿಸಿ, ಕಾಲೇಜು ಭೇಟಿಗೆ ಅವರೇ ಹೋಗಲಿ, ಮಾರ್ಚಿನ ಮರುಪಾಠದಲ್ಲಿ ಆ ಹತ್ತು ನಿಮಿಷದ ತಿದ್ದುಪಡಿ ಹೇಳುವವರೂ ಅವರೇ ಆಗಲಿ. ಈ ಎಂಟು ತಿಂಗಳ 2,80,000 ಮೇಲಿನ ಲೆಕ್ಕದಲ್ಲಿಲ್ಲ, ಮೊದಲ ವರ್ಷದ ಉಳಿತಾಯದಿಂದ ತೆಗೆಯಿರಿ.